ಏನೂ ಬೀಳುವ ಮೊದಲೇ ಕೆಲಸಕ್ಕೆ ಬಂದ ವಿಮೆ: ಸಿಟಿಕಾರ್ಪ್ ಕಟ್ಟಡದ ಪ್ರಕರಣ

1978ರ ಜುಲೈ ಕೊನೆ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ 59 ಮಹಡಿಯ ಸಿಟಿಕಾರ್ಪ್ ಸೆಂಟರ್ ಉದ್ಘಾಟನೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಗೋಡೆಯಲ್ಲಿ ಬಿರುಕಿಲ್ಲ. ಯಾರಿಗೂ ಗಾಯವಾಗಿಲ್ಲ. ಮಾಲೀಕರಿಂದ ಒಂದು ದೂರೂ ಬಂದಿಲ್ಲ. ಹಾಗಿದ್ದೂ ಅದರ ಸ್ಟ್ರಕ್ಚರಲ್ ಎಂಜಿನಿಯರ್ ವಿಲಿಯಂ ಲೆಮೆಷರ್ ತಮ್ಮ ಸಂಸ್ಥೆಗೆ ವಿಮೆ ಕೊಟ್ಟಿದ್ದ ಕಂಪನಿಗೆ ಸುದ್ದಿ ಮುಟ್ಟಿಸಿದರು. ಜೋರು ಗಾಳಿ ಬೀಸಿದರೆ ಈ ಕಟ್ಟಡ ಉರುಳಬಹುದು ಎಂಬುದು ಆ ಸುದ್ದಿ.

ಕಟ್ಟಡ ಕೆಲಸದ ಪ್ರಾಜೆಕ್ಟ್ ಮ್ಯಾನೇಜರ್‌ಗಳ ಜೊತೆ ವಿಮೆಯ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: ಏನಾದರೂ ಬಿದ್ದರೆ ದುಡ್ಡು ಯಾರು ಕೊಡ್ತಾರೆ? ಈ ಪ್ರಕರಣದಲ್ಲಿ ಏನೂ ಬೀಳಲಿಲ್ಲ. ಆದರೂ ಒಂದು ವಿಮಾ ಕಂಪನಿ 20 ಲಕ್ಷ ಡಾಲರ್ ಕೊಡಲು ಒಪ್ಪಿತು. ಬೇರೆ ಯಾವ ಪಾಲಿಸಿಯಿಂದಲೂ ಆ ಹಣ ಬರುವಂತಿರಲಿಲ್ಲ. ಅದು ಯಾಕೆ ಅನ್ನುವುದನ್ನು ಅರ್ಥ ಮಾಡಿಕೊಂಡರೆ, ಪ್ರಾಜೆಕ್ಟ್ ಮ್ಯಾನೇಜರ್‌ಗೆ ಎಂಥ ವಿಮೆ ಬೇಕು ಅನ್ನುವ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಸಿಕ್ಕ ಹಾಗೆ ಎಂದು ನನ್ನ ನಂಬಿಕೆ.

ಚರ್ಚಿನ ಷರತ್ತು

ಲೆಕ್ಸಿಂಗ್ಟನ್ ಅವೆನ್ಯೂ ಪಕ್ಕದ ಆ ಜಾಗದ ಒಂದು ಮೂಲೆಯಲ್ಲಿ ಸೇಂಟ್ ಪೀಟರ್ಸ್ ಲೂಥರನ್ ಚರ್ಚ್ ಇತ್ತು. ಸಿಟಿಕಾರ್ಪ್ ಬ್ಯಾಂಕಿಗೆ ಜಾಗ ಬಿಟ್ಟುಕೊಡಲು ಚರ್ಚ್ ಒಪ್ಪಿತು, ಆದರೆ ಷರತ್ತು ಹಾಕಿ. ಅದೇ ಮೂಲೆಯಲ್ಲಿ ಹೊಸ ಚರ್ಚ್ ಕಟ್ಟಿಕೊಡಬೇಕು, ಅದರೊಳಗೆ ಟವರಿನ ಕಂಬ ಹಾದು ಹೋಗಬಾರದು. ಹಾಗಾಗಿ ನಾಲ್ಕು ಮೂಲೆಗಳಲ್ಲಿ ಇರಬೇಕಿದ್ದ ಕಂಬಗಳು ನಾಲ್ಕು ಬದಿಗಳ ನಡುಮಧ್ಯಕ್ಕೆ ಬಂದವು. ಒಂಬತ್ತು ಮಹಡಿಯಷ್ಟು ಎತ್ತರದ ನಾಲ್ಕು ಕಂಬ. ಅವುಗಳ ಮೇಲೆ 915 ಅಡಿ ಎತ್ತರದವರೆಗೆ ಹೋಗುವ ಟವರ್.

ಈ ಭಾರವನ್ನು ಕಂಬಗಳಿಗೆ ಸಾಗಿಸಲು ಲೆಮೆಷರ್ ಪ್ರತಿ ಬದಿಯಲ್ಲೂ V ಆಕಾರದ ದೊಡ್ಡ ದೊಡ್ಡ ಉಕ್ಕಿನ ಓರೆ ತೊಲೆಗಳನ್ನು ಇಟ್ಟರು. ಕಟ್ಟಡ ಹಗುರವಾಗಿತ್ತು. ಗಾಳಿಗೆ ಜಾಸ್ತಿ ತೂಗಾಡಬಾರದು ಎಂದು ಮೇಲ್ಗಡೆ ಸುಮಾರು 400 ಟನ್ ತೂಕದ ಕಾಂಕ್ರೀಟ್ ದಿಮ್ಮಿಯನ್ನು ಎಣ್ಣೆಯ ಪದರದ ಮೇಲೆ ಜಾರುವಂತೆ ಕೂರಿಸಿದರು. ಕಟ್ಟಡ ಒಂದು ಕಡೆ ಬಾಗಿದಾಗ ಈ ಡ್ಯಾಂಪರ್ ಅದರ ಓಲಾಟವನ್ನು ತಗ್ಗಿಸುತ್ತದೆ. ವಾಸ್ತುಶಿಲ್ಪಿ ಹ್ಯೂ ಸ್ಟಬಿನ್ಸ್. ಕಟ್ಟಿದ್ದು ಎಚ್‌ಆರ್‌ಎಚ್ ಕನ್‌ಸ್ಟ್ರಕ್ಷನ್. ಉಕ್ಕಿನ ಕೆಲಸ ಬೆತ್ಲಹೆಮ್ ಸ್ಟೀಲ್‌ನದು.

ವೆಲ್ಡಿಂಗ್ ಹೋಗಿ ಬೋಲ್ಟ್ ಬಂತು

ಆ ಓರೆ ತೊಲೆಗಳ ಜೋಡಣೆಗಳು ಪೂರ್ತಿ ವೆಲ್ಡ್ ಆಗಬೇಕು ಎಂದು ಮೊದಲ ಡ್ರಾಯಿಂಗ್‌ಗಳಲ್ಲಿತ್ತು. ಪೂರ್ತಿ ವೆಲ್ಡ್ ಅಂದರೆ ಜೋಡಣೆ ಕೂಡ ತೊಲೆಯಷ್ಟೇ ಗಟ್ಟಿ. ಅಮೆರಿಕದಲ್ಲಿ ಅದಕ್ಕೆ ಕೂಲಿ ಬಹಳ. 1974ರಲ್ಲಿ ಬೆತ್ಲಹೆಮ್ ಸ್ಟೀಲ್ ಒಂದು ಬದಲಾವಣೆ ಸೂಚಿಸಿತು: ಇಷ್ಟು ಬಲ ಬೇಕಾಗಿಲ್ಲ, ಬೋಲ್ಟ್ ಹಾಕಿದರೆ ಸಾಕು. ಉಳಿತಾಯ ಸುಮಾರು 2.5 ಲಕ್ಷ ಡಾಲರ್. ಲೆಮೆಷರ್ ಸಂಸ್ಥೆಯ ನ್ಯೂಯಾರ್ಕ್ ಕಚೇರಿ ಒಪ್ಪಿಗೆ ಕೊಟ್ಟಿತು.

ಸೈಟಿನಲ್ಲಿ ಕೆಲಸ ಮಾಡಿದ ಯಾರಿಗೂ ಇದು ಹೊಸದಲ್ಲ. ಸಪ್ಲೈಯರ್ ಒಂದು ಬದಲಿ ತೋರಿಸುತ್ತಾನೆ, ದುಡ್ಡು ಉಳಿಯುತ್ತದೆ, ನಿಯಮದ ಪ್ರಕಾರ ಸರಿಯಾಗಿಯೇ ಇದೆ. ಯಾರಾದರೂ ಸಹಿ ಹಾಕುತ್ತಾರೆ. ಮರುದಿನ ಬೇರೆ ಹತ್ತು ಕಾಗದ ಬರುತ್ತವೆ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಲೆಮೆಷರ್ ಅವರಿಗೆ ಈ ಬದಲಾವಣೆ ಗೊತ್ತಾದದ್ದು 1978ರ ಮೇನಲ್ಲಿ. ಅದೂ ಪಿಟ್ಸ್‌ಬರ್ಗಿನ ಬೇರೊಂದು ಕಟ್ಟಡಕ್ಕೆ ಇಂಥದೇ ವೆಲ್ಡಿಂಗ್ ಬಗ್ಗೆ ಮಾತಾಡುತ್ತಿದ್ದಾಗ. ಆಗಲೂ ಅವರಿಗೆ ಗಾಬರಿಯಾಗಲಿಲ್ಲ. ಬೋಲ್ಟ್ ಹಾಕಿದ್ದು ಅದರಷ್ಟಕ್ಕೆ ತಪ್ಪಾಗಿರಲಿಲ್ಲ.

ಜೂನ್‌ನಲ್ಲಿ ಒಬ್ಬ ವಿದ್ಯಾರ್ಥಿಯ ಫೋನ್ ಬಂತು. ಕಂಬಗಳು ಬದಿಯ ಮಧ್ಯದಲ್ಲಿ ಯಾಕಿವೆ ಎಂಬುದು ಪ್ರಶ್ನೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡಯೇನ್ ಹಾರ್ಟ್ಲಿ ಕೂಡ ಅದೇ ವರ್ಷ ತಮ್ಮ ಪ್ರಬಂಧಕ್ಕಾಗಿ ಈ ಕಟ್ಟಡದ ಲೆಕ್ಕ ಮಾಡಿ, ಲೆಮೆಷರ್ ಕಚೇರಿಯವರನ್ನು ಮೂಲೆಗಾಳಿಯ, ಅಂದರೆ ಕಟ್ಟಡದ ಮೂಲೆಗೆ ಓರೆಯಾಗಿ ಬಡಿಯುವ ಗಾಳಿಯ, ಬಗ್ಗೆ ಕೇಳಿದ್ದರು. ಲೆಮೆಷರ್ ಫೋನಿಗೆ ಉತ್ತರ ಕೊಟ್ಟರು. ಆಮೇಲೆ ತಾವೇ ಮತ್ತೆ ಲೆಕ್ಕಕ್ಕೆ ಕೂತರು.

ಆಗಿನ ನ್ಯೂಯಾರ್ಕ್ ಕಟ್ಟಡ ನಿಯಮ ಕೇಳುತ್ತಿದ್ದದ್ದು ನೇರವಾಗಿ ಬದಿಗೆ ಬಡಿಯುವ ಗಾಳಿಯ ಲೆಕ್ಕ ಮಾತ್ರ. ಕಂಬಗಳು ಮೂಲೆಯಲ್ಲಿದ್ದರೆ ಅಷ್ಟು ಸಾಕು. ಇಲ್ಲಿ ಅವು ಮಧ್ಯದಲ್ಲಿವೆ. ಗಾಳಿ ಮೂಲೆಗೆ ಓರೆಯಾಗಿ ಬಡಿದರೆ ಎರಡು ಬದಿಗಳ ಮೇಲೂ ಒತ್ತಡ ಬೀಳುತ್ತದೆ. ಕೆಲವು ಓರೆ ತೊಲೆಗಳಲ್ಲಿ ಗಾಳಿಯ ಬಲ ಶೇ 40ರಷ್ಟು ಹೆಚ್ಚುತ್ತದೆ ಎಂದು ಅವರ ಲೆಕ್ಕ ಹೇಳಿತು. ವೆಲ್ಡ್ ಇದ್ದಿದ್ದರೆ ತಡೆಯುತ್ತಿತ್ತು. ಬೋಲ್ಟ್ ಜೋಡಣೆಗಳಲ್ಲಿ ಮಾತ್ರ ಎಳೆತ ಶೇ 160ರಷ್ಟು ಏರುತ್ತಿತ್ತು.

40 ಹೇಗೆ 160 ಆಯಿತು? ಒಂದು ಸಣ್ಣ ಲೆಕ್ಕ ನೋಡಿ. ಗಾಳಿ ಜೋಡಣೆಯನ್ನು 120ರಷ್ಟು ಬಲದಿಂದ ಎಳೆಯುತ್ತದೆ ಅಂದುಕೊಳ್ಳಿ. ಕಟ್ಟಡದ ತೂಕ ಅದನ್ನು 90ರಷ್ಟು ಒತ್ತಿ ಹಿಡಿದಿದೆ. ಬೋಲ್ಟಿಗೆ ಉಳಿಯುವ ಎಳೆತ 30. ಈಗ ಗಾಳಿಯ ಬಲ ಶೇ 40 ಏರಿ 168 ಆಯಿತು. ತೂಕ ಅಷ್ಟೇ ಇದೆ, 90. ಬೋಲ್ಟಿಗೆ ಬೀಳುವುದು 78. ಮೂವತ್ತರಿಂದ ಎಪ್ಪತ್ತೆಂಟು ಅಂದರೆ ಶೇ 160 ಹೆಚ್ಚಳ. ಇದರ ಮೇಲೆ, ಕಚೇರಿಯವರು ಈ ತೊಲೆಗಳನ್ನು ಕಂಬಗಳ ಲೆಕ್ಕಕ್ಕೆ ಸೇರಿಸದೆ ಟ್ರಸ್‌ಗಳ ಲೆಕ್ಕದಲ್ಲಿ ಇಟ್ಟಿದ್ದರು. ಹಾಗಾಗಿ ಬೋಲ್ಟುಗಳ ಸಂಖ್ಯೆಯೂ ಕಮ್ಮಿಯಾಗಿತ್ತು.

ಕೆನಡಾದ ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದಲ್ಲಿ ಗಾಳಿ ಸುರಂಗ ಪರೀಕ್ಷೆ ಮಾಡಿದ್ದ ಅಲನ್ ಡೇವನ್‌ಪೋರ್ಟ್ ಅವರ ಬಳಿಗೆ ಲೆಮೆಷರ್ ಹೋದರು. ಅಲ್ಲಿಂದ ಬಂದ ಅಂಕಿಗಳನ್ನು ಇಟ್ಟುಕೊಂಡು ಒಂದೊಂದೇ ಜೋಡಣೆ ನೋಡುತ್ತಾ ಹೋದರು. ಎಲ್ಲಕ್ಕಿಂತ ದುರ್ಬಲವಾದದ್ದು 30ನೇ ಮಹಡಿಯಲ್ಲಿತ್ತು. ಅದನ್ನು ಮುರಿಯುವಷ್ಟು ಬಿರುಗಾಳಿ ನ್ಯೂಯಾರ್ಕಿಗೆ ಸರಾಸರಿ 16 ವರ್ಷಕ್ಕೊಮ್ಮೆ ಬರುತ್ತದೆ. ಡ್ಯಾಂಪರ್ ಕೆಲಸ ಮಾಡುತ್ತಿದ್ದರೆ 55 ವರ್ಷಕ್ಕೊಮ್ಮೆ. ಆದರೆ ಡ್ಯಾಂಪರ್ ನಡೆಯಲು ಕರೆಂಟ್ ಬೇಕು. ದೊಡ್ಡ ಬಿರುಗಾಳಿಯಲ್ಲಿ ಮೊದಲು ಹೋಗುವುದೇ ಕರೆಂಟ್, ಅಲ್ವಾ?

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮೂಲೆಗಾಳಿಯ ಲೆಕ್ಕವನ್ನೇ ದೊಡ್ಡದು ಮಾಡುತ್ತಾರೆ. ನನಗೆ ಬೋಲ್ಟಿನ ಕಾಗದ ಹೆಚ್ಚು ಮುಖ್ಯ ಅನ್ನಿಸುತ್ತದೆ. ಎರಡು ನಿರ್ಧಾರಗಳನ್ನು ಬೇರೆ ಬೇರೆಯಾಗಿ ನೋಡಿದರೆ ಎರಡೂ ನಿಯಮಕ್ಕೆ ಸರಿ. ಒಟ್ಟಿಗೆ ಇಟ್ಟರೆ ಅಪಾಯ. ಒಟ್ಟಿಗೆ ಇಟ್ಟು ನೋಡುವ ಕೆಲಸ ಯಾರದ್ದು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವತ್ತಿನ ಯೋಜನೆಗಳಲ್ಲಿ ಇಂಥ ಬದಲಾವಣೆಯ ಕಾಗದ ಹಾದುಹೋಗುವ ಮೇಜು ಪ್ರಾಜೆಕ್ಟ್ ಮ್ಯಾನೇಜರ್‌ದು. ಅವರು ಲೆಕ್ಕ ಮಾಡಿರುವುದಿಲ್ಲ, ಆದರೆ ಮುದ್ರೆ ಅವರದ್ದಿರುತ್ತದೆ. ಆಮೇಲೆ ನಷ್ಟ ಕೇಳುವವರು ಮುದ್ರೆಯನ್ನೇ ಹಿಡಿದು ಬರುತ್ತಾರೆ.

ವಿಮೆಯವರಿಗೆ ಮೊದಲು, ಮಾಲೀಕರಿಗೆ ಆಮೇಲೆ

ಲೆಮೆಷರ್ ಮೇನ್ ರಾಜ್ಯದ ಸೆಬೇಗೋ ಸರೋವರದ ನಡುವೆ ಇದ್ದ ತಮ್ಮ ಮನೆಗೆ ಹೋಗಿ ಒಬ್ಬರೇ ಕೂತು ಯೋಚಿಸಿದರು. ಸುಮ್ಮನಿದ್ದುಬಿಡುವುದನ್ನೂ ಜೀವ ಕಳೆದುಕೊಳ್ಳುವುದನ್ನೂ ಯೋಚಿಸಿದ್ದೆ ಎಂದು ಅವರೇ ಎಷ್ಟೋ ವರ್ಷಗಳ ಮೇಲೆ ಹೇಳಿದ್ದಾರೆ. ಎರಡನ್ನೂ ಬಿಟ್ಟು ವಾಪಸ್ ಬಂದರು.

ಆಮೇಲಿನ ದಿನಗಳ ಕ್ರಮ ಗಮನಿಸಬೇಕು. ಜುಲೈ 31ರಂದು ಅವರು ವಾಸ್ತುಶಿಲ್ಪಿಯ ವಕೀಲರನ್ನು ಸಂಪರ್ಕಿಸಿದರು, ತಮ್ಮ ವಿಮಾ ಕಂಪನಿ ನಾರ್ತ್‌ಬ್ರೂಕ್‌ಗೂ ತಿಳಿಸಿದರು. ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ವಿಮಾ ಕಂಪನಿಯ ವಕೀಲರ ಮುಂದೆ ಕೂತು ಎಲ್ಲವನ್ನೂ ವಿವರಿಸಿದರು. ಹೊರಗಿನ ಒಬ್ಬ ತಜ್ಞರ ಅಭಿಪ್ರಾಯ ಬೇಕು ಎಂದು ಆ ವಕೀಲರು ವರ್ಲ್ಡ್ ಟ್ರೇಡ್ ಸೆಂಟರಿನ ಸ್ಟ್ರಕ್ಚರಲ್ ಎಂಜಿನಿಯರ್ ಲೆಸ್ಲಿ ರಾಬರ್ಟ್‌ಸನ್ ಅವರನ್ನು ಕರೆಸಿದರು. ಆಗಸ್ಟ್ 2ರಂದು ಲೆಮೆಷರ್ ಮತ್ತು ಸ್ಟಬಿನ್ಸ್ ಸಿಟಿಕಾರ್ಪಿನ ಹಿರಿಯ ಅಧಿಕಾರಿ ಜಾನ್ ರೀಡ್ ಅವರನ್ನು ಕಂಡರು. ರೀಡ್ ಮೂಲಕ ವಿಷಯ ಅಧ್ಯಕ್ಷ ವಾಲ್ಟರ್ ರಿಸ್ಟನ್ ಅವರಿಗೆ ಮುಟ್ಟಿತು.

ಮಾಲೀಕರಿಗಿಂತ ಮೊದಲು ವಿಮೆಯವರಿಗೆ ಯಾಕೆ? ಇದು ಸ್ವಾರ್ಥ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ವೃತ್ತಿ ಹೊಣೆಯ ಪಾಲಿಸಿಗಳಲ್ಲಿ, ಅಂದರೆ ಎಲ್ಲರೂ ಪ್ರೊಫೆಷನಲ್ ಇಂಡೆಮ್ನಿಟಿ ಅಥವಾ ಪಿಐ ಎಂದು ಕರೆಯುವ ಪಾಲಿಸಿಗಳಲ್ಲಿ, ಸಾಮಾನ್ಯವಾಗಿ ಎರಡು ಷರತ್ತು ಇರುತ್ತವೆ. ಕ್ಲೇಮಿಗೆ ಕಾರಣವಾಗಬಹುದಾದ ಸಂಗತಿ ಗೊತ್ತಾದ ಕೂಡಲೇ ತಿಳಿಸಬೇಕು ಎಂಬುದು ಒಂದು. ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ದುಡ್ಡು ಕೊಡುತ್ತೇನೆ ಎಂದು ಮಾತು ಕೊಡಬಾರದು ಎಂಬುದು ಇನ್ನೊಂದು. ಇವನ್ನು ಮುರಿದರೆ ಕಂಪನಿ ಕೈ ಎತ್ತಬಹುದು. ಆಗ ನಷ್ಟ ಎಂಜಿನಿಯರ್‌ಗೆ ಮಾತ್ರ ಅಲ್ಲ, ಮಾಲೀಕರಿಗೂ ಹೌದು. ದುರಸ್ತಿಗೆ ಸಿಗಬಹುದಾಗಿದ್ದ ಹಣವೇ ಹೋಯಿತಲ್ಲ.

ಎರಡನೇ ಷರತ್ತನ್ನು ನಮ್ಮಲ್ಲಿ ತುಂಬಾ ಜನ ತಪ್ಪಾಗಿ ಓದುತ್ತಾರೆ. ಹೊಣೆ ಒಪ್ಪಬಾರದು ಅಂದರೆ ಬಾಯಿ ಬಿಡಬಾರದು ಅಂತಲ್ಲ. 30ನೇ ಮಹಡಿಯ ಜೋಡಣೆ ಇಷ್ಟು ಗಾಳಿಗೆ ನಿಲ್ಲುವುದಿಲ್ಲ ಎಂದು ಹೇಳುವುದು ಇರುವ ಸಂಗತಿ. ಇದು ನನ್ನ ತಪ್ಪು, ಪೂರ್ತಿ ಖರ್ಚು ನನ್ನದು ಎಂದು ಹೇಳುವುದು ಹೊಣೆ ಒಪ್ಪಿಕೊಂಡಂತೆ. ಜನರ ಜೀವಕ್ಕೆ ಅಪಾಯ ಇರುವಾಗ ಸಂಗತಿಯನ್ನು ಒಂದು ಗಂಟೆಯೂ ಮುಚ್ಚಿಡಬಾರದು. ಯಾವ ಪಾಲಿಸಿಯೂ ಅದನ್ನು ಕೇಳುವುದಿಲ್ಲ, ಕೇಳಲೂಬಾರದು. ಲೆಮೆಷರ್ ಎರಡು ದಿನದೊಳಗೆ ವಿಮೆಯವರಿಗೂ ಮಾಲೀಕರಿಗೂ ಹೇಳಿದರು. ಪಾಲಿಸಿಯೂ ಉಳಿಯಿತು, ಕಟ್ಟಡವೂ ಉಳಿಯಿತು. ಅವರು ಬರಿಗೈಯಲ್ಲೂ ಹೋಗಲಿಲ್ಲ. ಏನು ತಪ್ಪಾಗಿದೆ ಎಂಬುದರ ಜೊತೆ ಹೇಗೆ ಸರಿಮಾಡಬಹುದು ಎಂಬುದನ್ನೂ ಹಿಡಿದುಕೊಂಡೇ ಹೋಗಿದ್ದರು.

ಉಳಿದ ಪಾಲಿಸಿಗಳು ಯಾಕೆ ಸುಮ್ಮನಿದ್ದವು

ಈಗ ಒಂದೊಂದೇ ಪಾಲಿಸಿಯನ್ನು ಈ ಪ್ರಕರಣದ ಮುಂದೆ ಹಿಡಿದು ನೋಡೋಣ. ಸಿಟಿಕಾರ್ಪಿನಲ್ಲಿ ಯಾರ ಬಳಿ ಯಾವ ಯಾವ ಪಾಲಿಸಿ ಇತ್ತು ಎಂಬ ಪಟ್ಟಿ ಇದಲ್ಲ. ಇಂಥ ಸ್ಥಿತಿ ಇವತ್ತು ಬಂದರೆ ಸಾಮಾನ್ಯ ಪಾಲಿಸಿಗಳು ಹೇಗೆ ನಡೆದುಕೊಳ್ಳುತ್ತವೆ ಎಂಬ ವಿವರ.

ಮೊದಲು ಎಲ್ಲರೂ ನೆಚ್ಚಿಕೊಳ್ಳುವ ಕಂಟ್ರಾಕ್ಟರ್ಸ್ ಆಲ್ ರಿಸ್ಕ್, ನಮ್ಮ ಕಡೆ ಮೊದಲಕ್ಷರ ಸೇರಿಸಿ ಕಾರ್ (CAR) ಪಾಲಿಸಿ ಅನ್ನುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಹತ್ತಿರದ್ದು ಬಿಲ್ಡರ್ಸ್ ರಿಸ್ಕ್. ಕಟ್ಟುತ್ತಿರುವಾಗ ಬೆಂಕಿ, ಪ್ರವಾಹ, ಕುಸಿತದಿಂದ ಕಾಮಗಾರಿಗೆ ಆಗುವ ಹಾನಿಗೆ ಇದು. ಇದರಲ್ಲಿ ಮೂರು ಬಾಗಿಲು ಮುಚ್ಚಿವೆ. ಕಟ್ಟಡ ಮುಗಿದು ಹಸ್ತಾಂತರವಾದ ಮೇಲೆ ಪಾಲಿಸಿ ಮುಗಿಯುತ್ತದೆ. ಕಣ್ಣಿಗೆ ಕಾಣುವ ಹಠಾತ್ ಹಾನಿ ಆಗಿರಬೇಕು, ಇಲ್ಲಿ ಒಂದು ಬೋಲ್ಟೂ ಕಿತ್ತಿಲ್ಲ. ಇನ್ನು ವಿನ್ಯಾಸದ ದೋಷವನ್ನು ಸರಿಪಡಿಸುವ ಖರ್ಚು ಸಾಮಾನ್ಯವಾಗಿ ಹೊರಗೇ ಇರುತ್ತದೆ. ಹೆಚ್ಚಿನ ಪ್ರೀಮಿಯಂ ಕೊಟ್ಟು ಡಿಸೈನ್ ಡಿಫೆಕ್ಟ್ ಕವರ್ ಸೇರಿಸಿಕೊಂಡರೂ, ದೋಷದಿಂದ ಬೇರೆ ಭಾಗಕ್ಕೆ ಆದ ಹಾನಿ ಸಿಗುತ್ತದೆಯೇ ಹೊರತು ದೋಷವಿರುವ ಭಾಗವನ್ನೇ ಬದಲಾಯಿಸುವ ಖರ್ಚು ಸಿಗುವುದಿಲ್ಲ.

ಪ್ರಾಜೆಕ್ಟ್ ಮ್ಯಾನೇಜರ್‌ಗಳು ಕಾರ್ ಪಾಲಿಸಿಯಲ್ಲಿ ಇನ್ನೊಂದನ್ನೂ ನೋಡಬೇಕು. ಅದರಲ್ಲಿ ಮಾಲೀಕರ ಹೆಸರು, ಕಂಟ್ರಾಕ್ಟರ್ ಹೆಸರು ಇರುತ್ತದೆ. ನಿಮ್ಮ ಸಂಸ್ಥೆಯ ಹೆಸರಿದೆಯೇ? ಇಲ್ಲದಿದ್ದರೆ ವಿಮಾ ಕಂಪನಿ ಮಾಲೀಕರಿಗೆ ದುಡ್ಡು ಕೊಟ್ಟ ಮೇಲೆ, ಅವರ ಜಾಗದಲ್ಲಿ ನಿಂತು ನಿಮ್ಮಿಂದಲೇ ಆ ಹಣ ವಸೂಲಿ ಮಾಡಲು ಬರಬಹುದು. ಸಬ್ರೊಗೇಷನ್ ಅನ್ನುವುದು ಇದನ್ನೇ. ಸೈಟಿಗೆ ವಿಮೆ ಇದೆ ಎಂದು ನೆಮ್ಮದಿಯಾಗಿದ್ದ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಅದೇ ವಿಮೆಯ ಕಡೆಯಿಂದ ನೋಟಿಸ್ ಬರುವುದು ನಡೆಯಬಹುದಾದ ಮಾತೇ.

ಥರ್ಡ್ ಪಾರ್ಟಿ ಹೊಣೆಯ ಪಾಲಿಸಿ ಹೊರಗಿನವರ ಗಾಯಕ್ಕೆ, ಸಾವಿಗೆ, ಆಸ್ತಿ ಹಾನಿಗೆ. ಇಲ್ಲಿ ಯಾವುದೂ ಆಗಿಲ್ಲ. ಆಗಿದ್ದರೂ ವೃತ್ತಿಪರ ಸಲಹೆಯ ತಪ್ಪನ್ನು ಇಂಥ ಪಾಲಿಸಿಗಳು ಬಹುತೇಕ ಹೊರಗಿಡುತ್ತವೆ. ಕೆಲಸಗಾರರ ಪರಿಹಾರ ವಿಮೆ ಈ ಚರ್ಚೆಗೇ ಬರುವುದಿಲ್ಲ.

ಉಳಿದದ್ದು ಪಿಐ. ವೃತ್ತಿಯ ಕೆಲಸದಲ್ಲಿ ಆದ ಅಜಾಗರೂಕತೆಯಿಂದ ಇನ್ನೊಬ್ಬರಿಗೆ ಆದ ನಷ್ಟಕ್ಕೆ ಅದು ಉತ್ತರ ಕೊಡುತ್ತದೆ. ಆ ನಷ್ಟ ಬರೀ ದುಡ್ಡಿನದ್ದಾಗಿದ್ದರೂ ಸರಿ. ಕಟ್ಟಡಕ್ಕೆ ಗೀರೂ ಬಿದ್ದಿಲ್ಲ, ಆದರೆ ಅದನ್ನು ಗಟ್ಟಿ ಮಾಡಲು ಮಾಲೀಕರು ಖರ್ಚು ಮಾಡಬೇಕಾಗಿದೆ ಅನ್ನುವ ಸ್ಥಿತಿಗೆ ಹೊಂದುವುದು ಇದೊಂದೇ. ಇಲ್ಲೂ ಪೂರ್ತಿ ಖಾತ್ರಿ ಇಲ್ಲ. ಇನ್ನೂ ಯಾರೂ ಕ್ಲೇಮ್ ಮಾಡಿಲ್ಲವಲ್ಲ, ಮೊದಲೇ ಯಾಕೆ ಖರ್ಚು ಎಂದು ಕಂಪನಿ ಕೇಳಬಹುದು. ನಷ್ಟ ತಡೆಯುವ ಖರ್ಚನ್ನೂ ಕೊಡುತ್ತೇವೆ ಎಂಬ ಮಾತು ಪಾಲಿಸಿಯಲ್ಲಿ ಬರೆದಿದೆಯೇ ಎಂದು ಕೊಳ್ಳುವಾಗಲೇ ಹುಡುಕುವುದು ಒಳ್ಳೆಯದು. ಇಲ್ಲದಿದ್ದರೆ ಬ್ರೋಕರ್ ಹತ್ತಿರ ಕೇಳಿ ಸೇರಿಸಿಕೊಳ್ಳಿ.

ಕಾಲದ ಲೆಕ್ಕವೂ ಇದೆ. ಬೋಲ್ಟಿಗೆ ಒಪ್ಪಿಗೆ ಕೊಟ್ಟದ್ದು 1974ರಲ್ಲಿ. ದೋಷ ಗೊತ್ತಾದದ್ದು 1978ರಲ್ಲಿ. ಪಿಐ ಪಾಲಿಸಿಗಳು ಈಗ ಬಹುಪಾಲು ಕ್ಲೇಮ್ಸ್ ಮೇಡ್ ಮಾದರಿಯವು. ತಪ್ಪು ನಡೆದ ವರ್ಷದ ಪಾಲಿಸಿ ಇಲ್ಲಿ ಲೆಕ್ಕಕ್ಕಿಲ್ಲ. ಕ್ಲೇಮ್ ಬಂದ ಅಥವಾ ನೀವು ಸುದ್ದಿ ಮುಟ್ಟಿಸಿದ ವರ್ಷದ ಪಾಲಿಸಿಯೇ ಉತ್ತರ ಕೊಡಬೇಕು. ತಪ್ಪು ನಡೆದ ದಿನ ಪಾಲಿಸಿಯ ರೆಟ್ರೊಆಕ್ಟಿವ್ ದಿನಾಂಕದ, ಅಂದರೆ ಯಾವ ದಿನದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಎಂದು ಪಾಲಿಸಿಯಲ್ಲಿ ಬರೆದ ದಿನದ, ಈಚೆಗೆ ಇರಬೇಕು ಅಷ್ಟೇ. ಹಸ್ತಾಂತರ ಆಯಿತು, ಫೀ ಬಂತು, ಇನ್ಯಾಕೆ ಪ್ರೀಮಿಯಂ ಎಂದು ಪಾಲಿಸಿ ನಿಲ್ಲಿಸಿದವರಿಗೆ ಇಂಥ ಸಂದರ್ಭದಲ್ಲಿ ಏನೂ ಸಿಗುವುದಿಲ್ಲ. ಮುಂಚೆ ಹತ್ತು ವರ್ಷ ಕಟ್ಟಿದ್ದರೂ ಅಷ್ಟೇ. ಕಂಪನಿ ಬದಲಾಯಿಸುವಾಗಲೂ ಹಳೆಯ ರೆಟ್ರೊಆಕ್ಟಿವ್ ದಿನಾಂಕ ಹೊಸ ಪಾಲಿಸಿಗೆ ಬಂದಿದೆಯೇ ಎಂದು ನೋಡಬೇಕು. ಒಂದೆರಡು ಸಾವಿರ ಪ್ರೀಮಿಯಂ ಕಮ್ಮಿಯಾಯಿತು ಎಂದು ಹೊಸ ದಿನಾಂಕದಿಂದ ಶುರು ಮಾಡಿಕೊಂಡರೆ ಹಿಂದಿನ ಕೆಲಸವೆಲ್ಲ ಹೊರಗೆ ಉಳಿಯಿತು.

ರಾತ್ರಿಯ ವೆಲ್ಡಿಂಗ್

ದುರಸ್ತಿ ಸರಳವಾಗಿತ್ತು. 200ಕ್ಕೂ ಹೆಚ್ಚು ಬೋಲ್ಟ್ ಜೋಡಣೆಗಳ ಮೇಲೆ ಎರಡು ಇಂಚು ದಪ್ಪದ ಉಕ್ಕಿನ ತಟ್ಟೆಗಳನ್ನು ವೆಲ್ಡ್ ಮಾಡಬೇಕು. ಕಟ್ಟಿದ್ದ ಎಚ್‌ಆರ್‌ಎಚ್ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್ ಆರ್ಥರ್ ನುಸ್‌ಬಾಮ್ ಅವರನ್ನೇ ಕರೆದು ಯೋಜನೆ ಹಾಕಿದರು. ಸಂಜೆ ಕಚೇರಿ ಮುಗಿದ ಮೇಲೆ ಬಡಗಿಗಳು ಜೋಡಣೆಗಳ ಸುತ್ತ ಪ್ಲೈವುಡ್ ಗೂಡು ಕಟ್ಟುತ್ತಿದ್ದರು. ರಾತ್ರಿಯಿಡೀ ವೆಲ್ಡಿಂಗ್. ಬೆಳಿಗ್ಗೆ ನೌಕರರು ಬರುವ ಮೊದಲು ಗುಡಿಸಿ ಒರೆಸಿ ಮುಗಿಸಬೇಕು. ಹವಾಮಾನ ತಜ್ಞರು ಹಗಲೂ ರಾತ್ರಿ ಗಾಳಿ ಗಮನಿಸುತ್ತಿದ್ದರು. ಸೆಪ್ಟೆಂಬರ್ ಮೊದಲ ದಿನಗಳಲ್ಲಿ ‘ಎಲ್ಲಾ’ (Ella) ಎಂಬ ಚಂಡಮಾರುತ ಆ ಕಡೆಗೇ ಬರುತ್ತಿತ್ತು. ಆಮೇಲೆ ದಿಕ್ಕು ಬದಲಿಸಿ ಸಮುದ್ರದ ಕಡೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಕೆಲಸ ಮುಗಿಯಿತು.

ಒಂದು ವಿಷಯ ನನಗೆ ಇವತ್ತಿಗೂ ಸರಿಕಾಣುವುದಿಲ್ಲ. ನಗರಸಭೆಯವರಿಗೂ ರೆಡ್ ಕ್ರಾಸ್‌ನವರಿಗೂ ವಿಷಯ ತಿಳಿಸಿ, ಸುತ್ತಲಿನ ಬೀದಿಗಳನ್ನು ಖಾಲಿ ಮಾಡಿಸುವ ಯೋಜನೆ ಸಿದ್ಧಮಾಡಿದ್ದರು. ಅಲ್ಲೇ ವಾಸಿಸುತ್ತಿದ್ದ ಜನರಿಗೆ ಮಾತ್ರ ಏನೂ ಹೇಳಲಿಲ್ಲ. ಪತ್ರಿಕಾ ಹೇಳಿಕೆಯಲ್ಲಿ ಅಪಾಯದ ಮಾತೇ ಇರಲಿಲ್ಲ. ಆಗಸ್ಟ್ 10ರಿಂದ ನ್ಯೂಯಾರ್ಕಿನ ದೊಡ್ಡ ಪತ್ರಿಕೆಗಳಲ್ಲಿ ಮುಷ್ಕರ ಶುರುವಾದದ್ದರಿಂದ ಕೇಳುವವರೂ ಇರಲಿಲ್ಲ. ಪೂರ್ತಿ ಕಥೆ ಜನರಿಗೆ ಗೊತ್ತಾದದ್ದು 1995ರಲ್ಲಿ. ಮಾಲೀಕರಿಗೆ ಹೇಳಿದ ಧೈರ್ಯಕ್ಕೆ ಲೆಮೆಷರ್ ಅವರನ್ನು ಹೊಗಳುವವರು ಈ ಮೌನವನ್ನೂ ನೋಡಬೇಕು. ಕಟ್ಟಡದ ಕೆಳಗೆ ಮಲಗುವವರಿಗೆ ಅಪಾಯ ತಿಳಿಯುವ ಹಕ್ಕಿದೆ. ಅದನ್ನು ಯಾವ ಒಪ್ಪಂದವೂ ಕಿತ್ತುಕೊಳ್ಳಬಾರದು.

20 ಲಕ್ಷ ಡಾಲರ್

ಸೆಪ್ಟೆಂಬರ್‌ನಲ್ಲಿ ಸಿಟಿಕಾರ್ಪ್ ಖರ್ಚು ಕೇಳಿತು. ದುರಸ್ತಿಗೆ 40 ಲಕ್ಷ ಡಾಲರ್‌ಗಿಂತ ಹೆಚ್ಚು ಆಗುತ್ತದೆ ಎಂಬ ಲೆಕ್ಕ ಇತ್ತು. ವಿಮಾ ಕಂಪನಿ ಕೊಡಲು ಒಪ್ಪಿದ್ದು 20 ಲಕ್ಷ. ಸಿಟಿಕಾರ್ಪ್ ಅದನ್ನೇ ತೆಗೆದುಕೊಂಡಿತು. ವಾಸ್ತುಶಿಲ್ಪಿ ಸ್ಟಬಿನ್ಸ್ ಅವರ ಮೇಲೆ ಏನೂ ಹೊರಿಸಲಿಲ್ಲ. ಕೋರ್ಟಿಗೆ ಯಾರೂ ಹೋಗಲಿಲ್ಲ.

ಅಷ್ಟು ದೊಡ್ಡ ಬ್ಯಾಂಕ್ ಅರ್ಧಕ್ಕೆ ಯಾಕೆ ಒಪ್ಪಿತು? ನನ್ನ ಊಹೆ ಹೀಗಿದೆ. ಕೋರ್ಟಿಗೆ ಹೋದರೆ ಕಟ್ಟಡದ ಕಥೆ ಬೀದಿಗೆ ಬರುತ್ತಿತ್ತು, ಬಾಡಿಗೆದಾರರು ಓಡಿಹೋಗುತ್ತಿದ್ದರು. ಒಂದು ಎಂಜಿನಿಯರಿಂಗ್ ಸಂಸ್ಥೆಯ ಕೈಯಲ್ಲಿ ವಿಮೆ ಬಿಟ್ಟರೆ ದೊಡ್ಡ ಆಸ್ತಿ ಇರುವುದಿಲ್ಲ. ಜೊತೆಗೆ, ದೋಷವನ್ನು ತಾನೇ ಬಂದು ಹೇಳಿ, ಹಗಲೂ ರಾತ್ರಿ ನಿಂತು ಸರಿಮಾಡಿಸಿದ ಮನುಷ್ಯನ ಮೇಲೆ ದಾವೆ ಹೂಡುವುದು ಸುಲಭವಲ್ಲ.

ಆಮೇಲೆ ನಡೆದದ್ದು ವಿಮೆಯ ಲೋಕದಲ್ಲಿ ಅಪರೂಪ. 20 ಲಕ್ಷ ಕೊಡಬೇಕಾಗಿ ಬಂದ ಕಂಪನಿ ಪ್ರೀಮಿಯಂ ಏರಿಸುವ ಯೋಚನೆಯಲ್ಲಿತ್ತು. ಲೆಮೆಷರ್ ಕಡೆಯವರು ಉಲ್ಟಾ ವಾದ ಮಾಡಿದರು: ಅವರು ವಿಮೆಯ ಇತಿಹಾಸದಲ್ಲೇ ಅತಿ ಕೆಟ್ಟ ದುರಂತವೊಂದನ್ನು ತಡೆದಿದ್ದಾರೆ, ಅದಕ್ಕೆ ಬೆಲೆ ಕೊಡಬೇಕು. ಪ್ರೀಮಿಯಂ ಏರಲಿಲ್ಲ, ಇಳಿಯಿತು.

ಇದರ ಎದುರಿಗೆ 1981ರ ಜುಲೈ 17ರಂದು ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಆದದ್ದನ್ನು ಇಡಬೇಕು. ಅಲ್ಲೂ ಶುರುವಾದದ್ದು ಒಂದು ಸಣ್ಣ ಬದಲಾವಣೆಯಿಂದಲೇ. ತೂಗುದಾರಿಗಳನ್ನು, ಅಂದರೆ ಮೇಲಿನಿಂದ ನೇತುಹಾಕಿದ್ದ ನಡೆದಾರಿಗಳನ್ನು, ಹಿಡಿಯಬೇಕಿದ್ದ ಒಂದೇ ಉದ್ದದ ಕಂಬಿಯ ಬದಲು ಎರಡು ತುಂಡು ಕಂಬಿ ಹಾಕೋಣ ಎಂದು ಉಕ್ಕಿನ ಕೆಲಸದವರು ಹೇಳಿದರು. ಡ್ರಾಯಿಂಗ್ ಮೇಲೆ ಎಂಜಿನಿಯರ್ ಮುದ್ರೆ ಬಿತ್ತು. ಜೋಡಣೆಯ ಮೇಲಿನ ಭಾರ ಎರಡು ಪಟ್ಟಾದದ್ದನ್ನು ಯಾರೂ ಲೆಕ್ಕ ಮಾಡಲಿಲ್ಲ. ತೂಗುದಾರಿಗಳು ಕುಸಿದು 114 ಜನ ಸತ್ತರು. ಇಬ್ಬರು ಎಂಜಿನಿಯರ್‌ಗಳು ಮಿಸೌರಿಯಲ್ಲಿ ಲೈಸೆನ್ಸ್ ಕಳೆದುಕೊಂಡರು. ಲೈಸೆನ್ಸನ್ನು ಯಾವ ವಿಮೆಯೂ ವಾಪಸ್ ಕೊಡಿಸುವುದಿಲ್ಲ. ಸತ್ತವರ ಮಾತಂತೂ ಬಿಡಿ.

ಇಲ್ಲಿಯವರಿಗೆ ಇದರಲ್ಲಿ ಏನಿದೆ

ಬೆಂಗಳೂರಿನಲ್ಲಿ ಈಗ ಮಧ್ಯಮ ಗಾತ್ರದ ಅಪಾರ್ಟ್‌ಮೆಂಟಿಗೂ ಪಿಎಂಸಿ, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವ ಸಲಹಾ ಸಂಸ್ಥೆ, ಇಡುತ್ತಾರೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಸ್ಟ್ರಕ್ಚರಲ್ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಹೊಣೆ ಬಿಲ್ಡರ್‌ದು, ನಿಜ. ಆದರೆ ಬಿಲ್ಡರ್ ಖರ್ಚು ಮಾಡಿದ ಮೇಲೆ ತನ್ನ ಒಪ್ಪಂದಗಳನ್ನು ಬಿಚ್ಚಿ ನೋಡುತ್ತಾನೆ. ಬದಲಾವಣೆಯ ಕಾಗದದ ಮೇಲೆ ಯಾರ ಸಹಿ ಇದೆ ಎಂದು ಹುಡುಕುತ್ತಾನೆ. ಹಾಗಾಗಿ ಪಿಎಂಸಿ ಸಂಸ್ಥೆ ತನ್ನ ಪಿಐ ಪಾಲಿಸಿಯನ್ನು ಹಸ್ತಾಂತರದ ದಿನಕ್ಕೆ ನಿಲ್ಲಿಸುವಂತೆಯೇ ಇಲ್ಲ. ಕನಿಷ್ಠ ಆ ಐದು ವರ್ಷ, ಅದರ ಮೇಲೆ ದಾವೆ ಹೂಡುವ ಅವಧಿಯನ್ನೂ ಸೇರಿಸಿ ಮುಂದುವರಿಸಬೇಕು.

ಪಾಲಿಸಿಯಲ್ಲಿ ನಿಮ್ಮ ಕೆಲಸವನ್ನು ಏನೆಂದು ಬರೆದಿದ್ದಾರೆ ಎಂದು ಓದಿ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದಷ್ಟೇ ಇದ್ದು, ಸೈಟಿನಲ್ಲಿ ನೀವು ಬಾರ್ ಬೆಂಡಿಂಗ್ (ಕಾಂಕ್ರೀಟಿನೊಳಗಿನ ಉಕ್ಕಿನ ಸರಳುಗಳ) ವಿವರವನ್ನೂ ಪರಿಶೀಲಿಸಿ ಒಪ್ಪಿಗೆ ಕೊಡುತ್ತಿದ್ದರೆ, ಅದು ನಿಮ್ಮ ಪಾಲಿಸಿಯ ಕೆಲಸವಲ್ಲ ಎಂದು ಕಂಪನಿ ಹೇಳಬಹುದು. ಮಾಡುವ ಕೆಲಸವನ್ನೆಲ್ಲ ಬರೆಸಿ. ಮಾಡದ ಕೆಲಸದ ಮೇಲೆ ಮುದ್ರೆ ಒತ್ತಬೇಡಿ. ಮಿತಿಯನ್ನೂ ನೋಡಿ. ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಎಂದು ಎರಡು ಅಂಕಿ ಇರುತ್ತವೆ. ವಕೀಲರ ಖರ್ಚು ಸಾಮಾನ್ಯವಾಗಿ ಆ ಮಿತಿಯೊಳಗೇ ಕರಗುತ್ತದೆ. ವರ್ಷದ ಮಿತಿಯನ್ನು ಮೊದಲ ಪ್ರಾಜೆಕ್ಟೇ ನುಂಗಿದರೆ ಎರಡನೆಯದಕ್ಕೆ ಏನೂ ಉಳಿಯುವುದಿಲ್ಲ. ತಡವಾದರೆ ಕಟ್ಟಬೇಕಾದ ದಂಡ, ಇಂಥ ದಿನವೇ ಮುಗಿಸಿಕೊಡುತ್ತೇನೆ ಎಂಬ ಭರವಸೆ ಇವು ಪಿಐ ಒಳಗೆ ಬರುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಅವನ್ನು ತೂಗಿ ನೋಡಬೇಕು.

ಇನ್ನೊಂದು ಸಂಗತಿ. 2019ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಮಾನಕ ಸಂಸ್ಥೆಯ ಸಂಶೋಧಕರು ಇದೇ ಮಾದರಿಯ ಕಟ್ಟಡದ ಮೇಲೆ ಗಾಳಿಯ ಪರಿಣಾಮವನ್ನು ಹೊಸ ವಿಧಾನದಿಂದ ಲೆಕ್ಕ ಮಾಡಿದರು. ಮೂಲೆಗಾಳಿ ನೇರ ಗಾಳಿಗಿಂತ ಜಾಸ್ತಿ ಅಪಾಯಕಾರಿಯಾಗಿರಲಿಲ್ಲ ಎಂಬುದು ಅವರ ಫಲಿತಾಂಶ. ಹಾಗಾದರೆ ಲೆಮೆಷರ್ ವಿಮೆಯವರಿಗೆ ಫೋನ್ ಮಾಡಿದ್ದು ಅನಗತ್ಯವಾಗಿತ್ತೇ? ಇಲ್ಲ. ಅವರ ಕೈಯಲ್ಲಿದ್ದ ಅಂಕಿಗಳು ಅಪಾಯವನ್ನೇ ಹೇಳುತ್ತಿದ್ದವು. ಸುದ್ದಿ ಮುಟ್ಟಿಸಲು ಖಚಿತವಾಗಿ ಸಾಬೀತಾಗಿರಬೇಕು ಎಂದು ಪಿಐ ಪಾಲಿಸಿ ಕೇಳುವುದಿಲ್ಲ. ಕ್ಲೇಮಿಗೆ ದಾರಿಯಾಗಬಹುದು ಎಂದು ಸಮಂಜಸವಾಗಿ ಅನ್ನಿಸಿದರೆ ಸಾಕು.

ವಿಮಾ ಕಂಪನಿಗೆ ಸುದ್ದಿ ಮುಟ್ಟಿಸುವ ಪತ್ರ ಉದ್ದವಾಗಿ ಇರಬೇಕಿಲ್ಲ. ಯಾವ ಪ್ರಾಜೆಕ್ಟ್, ಯಾವ ಡ್ರಾಯಿಂಗ್, ಯಾವ ಜೋಡಣೆ ಅಥವಾ ಯಾವ ಸ್ಲ್ಯಾಬ್, ಏನು ಅನುಮಾನ, ಅದು ನಿಮಗೆ ಯಾವ ದಿನ ಗೊತ್ತಾಯಿತು, ಯಾರು ಕ್ಲೇಮ್ ಮಾಡಬಹುದು ಎಂಬುದಿಷ್ಟು ಬರೆಯಬೇಕು. ಯಾರ ತಪ್ಪು ಎಂದು ಬರೆಯಬೇಡಿ. ಪಾಲಿಸಿ ನಂಬರ್ ಹಾಕಿ ಬ್ರೋಕರ್‌ಗೂ ಕಂಪನಿಗೂ ಅದೇ ದಿನ ಕಳಿಸಿ, ತಲುಪಿದ್ದಕ್ಕೆ ಉತ್ತರ ತೆಗೆದುಕೊಂಡು ಫೈಲಿನಲ್ಲಿ ಇಡಿ. ಎರಡು ವರ್ಷದ ನಂತರ ಮಾಲೀಕರಿಂದ ನೋಟಿಸ್ ಬಂದರೂ, ಪಾಲಿಸಿಯಲ್ಲಿ ಅದಕ್ಕೆ ಅವಕಾಶ ಇದ್ದರೆ, ಉತ್ತರ ಕೊಡಬೇಕಾದದ್ದು ಆ ಪತ್ರ ಕಳಿಸಿದ ವರ್ಷದ ಪಾಲಿಸಿ.